ನೋಡದೆ ಬಿಟ್ಟ ಹಾಳೆ

ಬಿಸಿಲು ಇನ್ನೂ ಜಗಲಿಯ ಅಂಚಿಗೂ ಬಂದಿರಲಿಲ್ಲ. ಚನ್ನಕೇಶವ ಎಡಗಣ್ಣು ಮುಚ್ಚಿಕೊಂಡು ಬಲಗಣ್ಣಿನಿಂದ ಎದುರುಗೋಡೆಯಲ್ಲಿ ಎದ್ದಿದ್ದ ಸುಣ್ಣದ ಚಕ್ಕೆಗಳನ್ನು ನೋಡುತ್ತ ಕೂತಿದ್ದ. ಹಾಗೆ ಕೂತಿದ್ದೇನೆಂದು ಅವನಿಗೇ ತಿಳಿದದ್ದು, ಅಕ್ಕ ರಾಮಲಕ್ಷ್ಮಮ್ಮ ಕಾಫಿಯ ಲೋಟ ತಂದು ಪಕ್ಕದಲ್ಲಿಟ್ಟು, "ಏನೋ ಅದು, ಗೋಡೆಗೆ ಕಣ್ಣು ಹೊಡೀತಾ ಕೂತಿದೀಯ? ಪಾಪ, ಗೋಡೆ ಏನಂದ್ಕೊಳ್ಳಲ್ಲ?" ಎಂದಾಗಲೇ. ನಾಚಿ ಎರಡು ಕಣ್ಣನ್ನೂ ತೆರೆದ. ತೆರೆದರೂ ಪ್ರಪಂಚ ಒಂದು ದುಂಡನೆಯ ಬೆಳಕಿನ ಬಿಲ್ಲೆಯೊಳಗೇ ಕೂತಿತ್ತು, ಅದರಾಚೆಗೆಲ್ಲ ಕಪ್ಪು. ಹನ್ನೊಂದು ವರ್ಷದಿಂದ ಚಿಕ್ಕಬಳ್ಳಾಪುರದ ನರಸಿಂಹಪ್ಪನವರ ಬಿತ್ತನೆ ಕೋಠಿಯಲ್ಲಿ, ರೇಷ್ಮೆಮೊಟ್ಟೆ ತಯಾರಿಸಿ ಮಾರುವ ಕಡೆ, ಸೂಕ್ಷ್ಮದರ್ಶಕದ ಮುಂದೆ ಬಗ್ಗಿದವನ ಕಣ್ಣು ಅದು. ರೇಷ್ಮೆಯ ಚಿಟ್ಟೆ ಹಾಳೆಯ ಮೇಲೆ ಉಂಗುರದಂತೆ ಮೊಟ್ಟೆಯಿಟ್ಟು ಮುಗಿಸಿದ ಮೇಲೆ ಆ ತಾಯಿಯನ್ನೇ ಪುಟ್ಟ ಕಲ್ಲಿನಲ್ಲಿ ಅರೆದು, ಒಂದು ಹನಿಯನ್ನು ಗಾಜಿನ ಮೇಲಿಟ್ಟು ನೋಡಬೇಕು. ಅಕ್ಕಿನುಚ್ಚಿನಂಥ ಹೊಳೆಯುವ ಕಾಳು ಕಂಡರೆ ಅದು ಗಂಟುರೋಗ. ತಾಯಿಯ ಒಡಲಿನಲ್ಲಿದ್ದದ್ದು ಮೊಟ್ಟೆಗೂ ಇಳಿದಿರುತ್ತದೆ, ಅವಳ ಮೊಟ್ಟೆಯನ್ನೆಲ್ಲ ಸುಡಬೇಕು. ಕಾಣದಿದ್ದರೆ ಉಂಗುರದ ಪಕ್ಕದಲ್ಲಿ ನೀಲಿ ಪೆನ್ಸಿಲಿನ ಒಂದು ಗೀಟು. ಆ ಗೀಟನ್ನು ನಂಬಿಕೊಂಡು ರೈತರು ಹಾಳೆಯನ್ನು ಕಣ್ಣಿಗೊತ್ತಿಕೊಂಡು ಒಯ್ಯುತ್ತಿದ್ದರು. ದಿನಕ್ಕೆ ಮುನ್ನೂರು ತಾಯಂದಿರು. ಅಷ್ಟು ತಾಯಂದಿರನ್ನು ಅರೆದ ಪಾಪ ಎಲ್ಲಿಗೆ ಹೋಗುತ್ತದೆ ಎಂದು ಹೊಸತರಲ್ಲಿ ರಾತ್ರಿಯೆಲ್ಲ ಹೊರಳಾಡಿದ್ದ. ಆಮೇಲೆ ಆ ಪ್ರಶ್ನೆ ಯಾವಾಗ ಬಿಟ್ಟುಹೋಯಿತೋ ತಿಳಿಯಲಿಲ್ಲ.

ಕಣ್ಣಲ್ಲಿ ನೀರು ಸುರಿಯುವುದು ನಿಲ್ಲದೆ ಹೋದಾಗ ನರಸಿಂಹಪ್ಪನವರೇ ಡಾಕ್ಟರ ಬಳಿಗೆ ಕರೆದೊಯ್ದಿದ್ದರು. ಬರುವಾಗ ಜಟಕಾದಲ್ಲಿ, "ನೋಡಿ ಕೇಶವಯ್ಯ, ಎತ್ತಿಗೂ ಅಮಾವಾಸ್ಯೆಗೊಂದು ದಿನ ನೊಗ ಇಳಿಸ್ತೀವಿ. ನೀವು ಹನ್ನೊಂದು ವರ್ಷಕ್ಕೆ ಒಂದು ರಜಾ ತಗೊಂಡಿಲ್ಲ. ಗೌರಿಹಬ್ಬದಿಂದ ಒಂದು ತಿಂಗಳು ಈ ಕಡೆ ತಲೆ ಹಾಕಕೂಡದು. ಹುಳದ ಹೆಸರೆತ್ತಕೂಡದು. ಚಿಟ್ಟೆ ಎದುರಿಗೆ ಬಂದ್ರೂ ಮುಖ ಆ ಕಡೆ ತಿರುಗಿಸ್ಕೊಳ್ಳಿ, ಸಾಲಗಾರನ್ನ ಕಂಡಂಗೆ" ಎಂದಿದ್ದರು. ಚನ್ನಕೇಶವ ಅದನ್ನು ವ್ರತವೆಂದೇ ಹಿಡಿದ. ಏಕಾದಶಿಯ ದಿನ ಅನ್ನದ ಪಾತ್ರೆಯ ಕಡೆ ನೋಡದವರ ಹಾಗೆ, ಕೋಠಿಯ ಬೀದಿಯನ್ನೇ ಬಳಸಿ ನಡೆದ. ಮಾರುಕಟ್ಟೆಯಲ್ಲಿ ಗೂಡಿನ ವಾಸನೆ ಬಂದರೆ ಮೂಗಿಗೆ ಟವಲು ಒತ್ತಿದ. ಒಂದು ಸೋಮವಾರ ನಂದಿಗೆ ಹೋಗಿ ದೇವರ ಮುಂದೆ ನಿಂತಾಗ ಮಾತ್ರ ಅವನ ಎಡಗಣ್ಣು ತಾನಾಗಿ ಮುಚ್ಚಿತು. ಮಂಗಳಾರತಿಯ ಬೆಳಕಿನಲ್ಲಿ ಲಿಂಗದ ಮೈಮೇಲೆ ಕಾಳು ಹುಡುಕುತ್ತಿದ್ದೇನೆಂದು ಆಗ ಹೊಳೆದಿತ್ತು. ಶಿವನೇ, ನಿನ್ನನ್ನೂ ಪರೀಕ್ಷೆ ಮಾಡುವ ಹಾಗಾಯಿತೇ ಎಂದು ಕೆನ್ನೆಗೆ ಬಡಿದುಕೊಂಡು ಹೊರಗೆ ಬಂದು, ಕಲ್ಯಾಣಿಯ ಮೆಟ್ಟಿಲಿನಲ್ಲಿ ಬಹಳ ಹೊತ್ತು ನೀರು ನೋಡುತ್ತ ಕೂತಿದ್ದ.

ಆಮೇಲೆ ಊರಲ್ಲಿರಲಾರದೆ ಅಕ್ಕನ ಮನೆಗೆ ಹೊರಟ. ಪುಟ್ಟ ರೈಲಿನಲ್ಲಿ ಶಿಡ್ಲಘಟ್ಟಕ್ಕೆ ಬಂದು, ಅಲ್ಲಿಂದ ಬಸ್ಸು ಹಿಡಿದು ದಿಬ್ಬೂರಹಳ್ಳಿಯಲ್ಲಿ ಇಳಿದು ಇಂದಿಗೆ ನಾಲ್ಕು ದಿನ, ರಜಾದ ಇಪ್ಪತ್ತನಾಲ್ಕನೆಯ ದಿನ. ಬಂದ ದಿನವೇ ಅಕ್ಕ ಕಾಲಿಗೆ ನೀರು ಕೊಟ್ಟು, "ನೀನು ಬಾಗಿನದಲ್ಲಿ ಕಳಿಸಿದ್ಯಲ್ಲ ಮೊಟ್ಟೆ, ಅವೇ ಕಣೋ. ಒಂದ್ಸಲ ಹುಳದ ಮನೆ ನೋಡು ಬಾ" ಎಂದಿದ್ದಳು. ಗೌರಿಹಬ್ಬಕ್ಕೆ ಬಳೆ, ಕುಂಕುಮ, ರವಿಕೆಕಣದ ಜೊತೆಗೆ ಮೊಟ್ಟೆಯ ಹಾಳೆಯನ್ನೂ ಮೊರದಲ್ಲಿಟ್ಟು ಕಳಿಸುವುದು ಅವನು ಕೋಠಿ ಸೇರಿದಂದಿನಿಂದ ನಡೆದುಬಂದ ಪದ್ಧತಿ. ತವರಿನಿಂದ ಹೆಣ್ಣುಮಗಳಿಗೆ ಲಕ್ಷ್ಮಿಯೇ ಬಂದ ಹಾಗೆ ಎಂದು ಅಕ್ಕ ಊರಿಗೆಲ್ಲ ಹೇಳಿಕೊಳ್ಳುತ್ತಿದ್ದಳು. "ಅಕ್ಕಾ, ನಾನು ರಜಾದಲ್ಲಿದೀನಿ. ಹುಳದ ಮುಖ ನೋಡಲ್ಲ" ಎಂದು ಅವನು ನಕ್ಕಿದ್ದ. "ಅಡಿಗೆಭಟ್ಟ ಮದುವೆಗೆ ಬಂದು ಉಪ್ಪು ನೋಡಲ್ಲ ಅಂದಂಗಾಯ್ತು" ಎಂದು ಭಾವ ಬಯ್ಯಪ್ಪ ಎಲೆಯಡಿಕೆ ಮೆಲ್ಲುತ್ತ ಹಂಗಿಸಿದ್ದ. ಮರುದಿನ ಅಕ್ಕ ಮತ್ತೆ ಕರೆದಳು. "ಬಾಗಿಲಲ್ಲೇ ನಿಂತು ನೋಡೋ, ಒಳಗೆ ಬರಬೇಡ. ಯಾಕೋ ಒಂದು ನಮೂನೆ ಅವೆ." ಅವನು ಅದನ್ನೂ ನಕ್ಕು ತೇಲಿಸಿದ. ಮೂರನೆಯ ದಿನ ಅವಳು ಕೇಳಲಿಲ್ಲ. ಅಕ್ಕನಿಗೆ ಕೊನೆಗೂ ಅರ್ಥವಾಯಿತು ಎಂದು ಅವನಿಗೆ ಸಮಾಧಾನವಾಗಿತ್ತು. ಕೆಲಸ ಬಿಟ್ಟಿರುವ ವಿದ್ಯೆ ತನಗೆ ಒಲಿಯುತ್ತಿದೆ ಎಂದು ಒಳಗೊಳಗೇ ಹಿಗ್ಗಿದ್ದ. ಅವಳು ನಸುಕಿನಲ್ಲಿ ಒದ್ದೆ ಸೀರೆಯಲ್ಲಿ ಅರಳಿಕಟ್ಟೆಯ ನಾಗರಕಲ್ಲು ಸುತ್ತಿ ಬರುವುದನ್ನೂ, ಒಂದೇ ಹೊತ್ತು ಉಣ್ಣುವುದನ್ನೂ ಕಂಡಿದ್ದ. ಪಿತೃಪಕ್ಷವಲ್ಲವೇ, ಮಡಿಯಿರಬೇಕು ಎಂದುಕೊಂಡಿದ್ದ. ಕಂಡದ್ದನ್ನೆಲ್ಲ ಕಂಡೂ ಏನೂ ನೋಡದೆ ಇರುವುದು ಎಷ್ಟು ಸುಲಭವಾಗಿ ಬಂದಿತ್ತು!

ಕಾಫಿ ಕುಡಿದು ಲೋಟ ಕೆಳಗಿಡುವಾಗ ಹಿತ್ತಿಲಿನಿಂದ ಅಕ್ಕನ ಅತ್ತೆ ಅಮ್ಮಾಜಮ್ಮನ ತೆಲುಗು ಬೆರೆತ ದನಿ ಕೇಳಿತು. ದನಿ ತಗ್ಗಿಸಿ ಬೈಯುವವರ ಬೈಗುಳ ಕೂಗಿ ಬೈಯುವುದಕ್ಕಿಂತ ದೂರ ಹೋಗುತ್ತದೆ. "ನಿನ್ನ ಕೈಯಾರೆ ಕಳ್ಕೊಂಡ್ಯಲ್ಲೇ. ಹೊರಗಾದೋಳು ಹಂಗೇ ಎದ್ದು ಬರೋದು ಬಿಟ್ಟು, ಇದೊಂದು ತಟ್ಟೆಗೆ ಸೊಪ್ಪು ಹಾಕ್ಬಿಟ್ಟು ಬತ್ತೀನಿ ಅಂದ್ಯಂತೆ! ಹುಳ ಅಂದ್ರೆ ಏನಂದ್ಕೊಂಡಿದೀಯ, ಕೋಳೀನಾ ಕುರೀನಾ? ಅದು ತಾಯಿ. ಮೈಲಿಗೆ ತಡೀತಾಳಾ? ಏಮಿ ಕರ್ಮಮೋ..." ಚನ್ನಕೇಶವನಿಗೆ ಮೊದಲು ಅನ್ನಿಸಿದ್ದು, ಹೆಂಗಸರ ಮಾತು, ತನಗೇಕೆ ಎಂದು. ಎದ್ದು ಅರಳಿಕಟ್ಟೆಯ ಕಡೆ ಹೋಗೋಣವೆಂದು ಮೆಟ್ಟಿಗೆ ಕಾಲು ತೂರಿಸಿದ. ಆದರೆ ಕಾಲು ಅವನ ಮಾತು ಕೇಳಲಿಲ್ಲ. ಮೆಟ್ಟನ್ನು ಅಲ್ಲೇ ಬಿಟ್ಟು, ನಡುಮನೆ ದಾಟಿ, ಬೇವಿನಸೊಪ್ಪು ಸಿಗಿಸಿದ ಹುಳದ ಮನೆಯ ಬಾಗಿಲಿಗೆ ಬಂದು ನಿಂತ.

ಒಂದು ನೋಟ ಸಾಕಾಯಿತು. ಮೂರನೆಯ ಜ್ವರದ ಹೊತ್ತು ಅದು. ಪೊರೆ ಬಿಡುವ ಮುಂಚೆ ಹುಳ ಸೊಪ್ಪು ಮುಟ್ಟದೆ ಕೂರುತ್ತದಲ್ಲ, ಅದನ್ನೇ ಜ್ವರ ಎನ್ನುವುದು. ಮೈ ನೆಟ್ಟಗಿದ್ದರೆ ತಟ್ಟೆಯ ಹುಳವೆಲ್ಲ ಒಟ್ಟಿಗೆ ತಲೆಯೆತ್ತಿ, ಸಂಧ್ಯಾವಂದನೆಗೆ ಕೂತವರ ಹಾಗೆ ಅಲುಗದೆ ಕೂತಿರುತ್ತವೆ. ಇಲ್ಲಿ ಕೆಲವು ಕೂತಿದ್ದವು, ಕೆಲವು ಇನ್ನೂ ಸೊಪ್ಪಿನ ಅಂಚು ಮೂಸುತ್ತಿದ್ದವು, ಕೆಲವು ಮೊದಲನೆಯ ವಾರದ ಗಾತ್ರದಲ್ಲೇ ನಿಂತುಹೋಗಿದ್ದವು. ಒಂದೇ ತಾಯ ಮಕ್ಕಳಲ್ಲಿ ಅಜ್ಜ ಮೊಮ್ಮಗ ಇದ್ದ ಹಾಗೆ. ಬಗ್ಗಿ ನೋಡಿದ. ಮೈಮೇಲೆ ಮೆಣಸಿನಪುಡಿ ಉದುರಿಸಿದಂಥ ಕಪ್ಪು ಚುಕ್ಕೆ. ಗಾಜು ಬೇಡ, ಬೆಳಕು ಬೇಡ. ತಲೆಯೆತ್ತಿದರೆ ಎದುರಿನ ಗೋಡೆಯಲ್ಲಿ, ಲಕ್ಷ್ಮಿಯ ಪಟದ ಕೆಳಗೆ, ಮರಿ ಒಡೆದುಹೋದ ಮೇಲೆ ಉಳಿದ ಮೊಟ್ಟೆಯ ಹಾಳೆಯನ್ನು ಅಕ್ಕ ಅರಿಸಿನ ಕುಂಕುಮ ಹಚ್ಚಿ ಅಂಟಿಸಿದ್ದಳು. ಇಪ್ಪತ್ತು ಉಂಗುರ. ಪ್ರತಿ ಉಂಗುರದ ಪಕ್ಕದಲ್ಲೂ ಅವನದೇ ನೀಲಿ ಗೀಟು. ಆದರೆ ಆ ಗೀಟುಗಳು ಒಂದರ ಕೆಳಗೊಂದು ಕೈ ಎತ್ತದೆ ಎಳೆದ ಹಾಗೆ ಓರೆಯಾಗಿ ಸಾಲಾಗಿದ್ದವು. ನೋಡಿ ನೋಡಿ ಹಾಕಿದ ಗೀಟು ಹಾಗಿರುವುದಿಲ್ಲ. ಒಂದೊಂದು ಒಂದೊಂದು ಕಡೆಗೆ ವಾಲಿರುತ್ತದೆ.

ಇಪ್ಪತ್ತನಾಲ್ಕು ದಿನದಲ್ಲಿ ಆ ಗೀಟು ಎಳೆದ ಮಧ್ಯಾಹ್ನವನ್ನು ಅವನು ನೆನೆಸಿಕೊಂಡೇ ಇರಲಿಲ್ಲ ಎಂದಲ್ಲ. ಬಹಳ ಸಲ ನೆನೆಸಿಕೊಂಡಿದ್ದ, ಸಂತೋಷದಿಂದಲೇ. ರಜಾಕ್ಕೆ ಮುಂಚಿನ ಕೊನೆಯ ದಿನ ಅಕ್ಕನಿಗಾಗಿ ಎರಡು ಹಾಳೆ ಎತ್ತಿಟ್ಟೆ ಎಂಬುದು ನೆನಪಿತ್ತು. ಕೈ ತೊಳೆದುಕೊಂಡು ಹೊರಗೆ ಬಂದಾಗ ಮೈ ಹಗುರವಾಗಿದ್ದದ್ದು ನೆನಪಿತ್ತು. ಈಗ ಆ ಮಧ್ಯಾಹ್ನವೇ ಎದುರಿಗೆ ಬಂದು ನಿಂತು ತನ್ನ ಇನ್ನೊಂದು ಮಗ್ಗುಲು ತೋರಿಸಿತು. ಕಣ್ಣಿಂದ ನೀರು ಇಳಿದು ಗಾಜು ಮಸಕಾಗಿತ್ತು. ನಲವತ್ತು ತಾಯಂದಿರು ಉಳಿದಿದ್ದರು. ಆ ವಾರದ ತಂಡದಲ್ಲಿ ಒಂದು ಕಾಳೂ ಕಂಡಿರಲಿಲ್ಲ; ಇವೂ ಹಾಗೇ ಇರುತ್ತವೆ ಎಂದುಕೊಂಡು ಗೀಟು ಎಳೆದ. ಎಳೆದ ಮೇಲೆ ಆ ಎರಡು ಹಾಳೆಯನ್ನು ಮಾರುವ ಹಾಳೆಗಳ ಕಟ್ಟಿನೊಳಗೆ ಸೇರಿಸಲು ಹೋದರೆ ಕೈ ಬರಲಿಲ್ಲ. ನೋಡದ್ದನ್ನು ನೋಡಿದೆನೆಂದು ಯಾರೋ ರೈತನ ಕೈಗಿಡುವುದು ಹೇಗೆ, ದೇವರು ಮೆಚ್ಚುತ್ತಾನೆಯೇ ಎಂದು ಅಳುಕಿದ. ಸುಡಲೂ ಮನಸ್ಸು ಬರಲಿಲ್ಲ. ಆಗ, ಎಷ್ಟು ಸಲೀಸಾಗಿ, ಅಕ್ಕನ ಬಾಗಿನದ ಮೊರ ನೆನಪಾಯಿತು! ನಮ್ಮವರಲ್ಲವೇ. ಮನಸ್ಸಾಕ್ಷಿ ತಣ್ಣಗಾಯಿತು. ಆ ಹಗುರ, ಆ ಸಂತೋಷ, ರಜಾದ ಮೊದಲ ಉಸಿರು ಅಂದುಕೊಂಡದ್ದು ಅದು! ಹುಡುಗನಾಗಿದ್ದಾಗ ನಿನ್ನೆಯ ಸಾರು ಹಳಸಿದೆಯೋ ಇಲ್ಲವೋ ಎಂದು ಅನುಮಾನವಾದರೆ ಅಮ್ಮ ಅವನ ತಟ್ಟೆಗೆ ಬಡಿಸುವ ಮುಂಚೆ ಅಕ್ಕನ ತಟ್ಟೆಗೆ ಸುರಿಯುತ್ತಿದ್ದಳು. "ನೀನು ತಿನ್ನಮ್ಮ, ನಿಂಗೇನೂ ಆಗಲ್ಲ." ಅಕ್ಕ ತಿಂದು, ತುಟಿ ಒರೆಸಿಕೊಂಡು, ಚೆನ್ನಾಗೈತೆ ಎನ್ನುತ್ತಿದ್ದಳು. ಆಮೇಲೆ ಅವನಿಗೆ ಬಡಿಸುತ್ತಿದ್ದರು. ಅಮ್ಮ ಸತ್ತು ಒಂಬತ್ತು ವರ್ಷವಾಯಿತು; ಬಡಿಸುವ ಕೈ ಮಾತ್ರ ಸತ್ತಿರಲಿಲ್ಲ.

"ಬಂದ್ಯಾ ನಾಯನಾ?" ಅಮ್ಮಾಜಮ್ಮ ಹಿಂದೆ ಬಂದು ನಿಂತಿದ್ದರು. ಅವರ ಹಿಂದೆ ಅಕ್ಕ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ. "ನೀನೇ ಹೇಳಪ್ಪ, ಓದಿದೋನು. ಇದು ಮೈಲಿಗೆ ತಗುಲಿರೋದಲ್ವಾ?" ಚನ್ನಕೇಶವ ಮುದುಕಿಯ ಮುಖ ನೋಡಿದ. ಎಂಥ ದೊಡ್ಡ ಬಾಗಿಲನ್ನು ಅವರು ತೆರೆದು ಹಿಡಿದಿದ್ದರು! ಯಾರೂ ಅವನನ್ನು ಶಂಕಿಸಿರಲಿಲ್ಲ, ಶಂಕಿಸುವವರೂ ಇರಲಿಲ್ಲ. ರಜಾ ಮುಗಿಯಲು ಆರು ದಿನ. ಅವನ ತಲೆ, ಅವನನ್ನು ಕೇಳದೆ, ಒಮ್ಮೆ ಹೌದೆಂದು ಆಡಿತು. ಆಡಿದ್ದನ್ನು ಅಕ್ಕ ನೋಡಿದಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ, ಕೋಪವಿರಲಿಲ್ಲ. ಅಂದುಕೊಂಡದ್ದೇ ಆಯಿತು ಎಂಬಂತೆ ಕಣ್ಣು ಕೆಳಗಿಳಿಸಿ, "ಐದು ದಿನದಿಂದ ನಾಗಪ್ಪನ್ನ ಸುತ್ತುತಾ ಇದೀನಿ ಕಣೋ. ನೀನು ಬಂದಾಗ್ಲೇ ಹೇಳಣ ಅಂತಿದ್ದೆ. ರಜಾಕ್ಕೆ ಅಂತ ಬಂದಿದ್ಯ, ಕಣ್ಣು ಬೇರೆ ಹಿಂಗೆ, ಯಾಕೆ ನಿನ್ನ ತಲೆಗೆ ಹಚ್ಚೋದು ಅಂತ ಸುಮ್ನಾದೆ" ಎಂದಳು. ತನ್ನ ತಲೆ ತನ್ನದಲ್ಲವೆಂಬಂತೆ ಅವನು ಹಣೆಯನ್ನು ಒತ್ತಿ ಹಿಡಿದ.

"ಮೊಟ್ಟೆ ಎಲ್ಲಾನೂ ಮರಿ ಒಡೆಸಿ ಚಾಕಿ ಮಾಡಿದ್ಯಾ?" ಎಂದು ಕೇಳಿದ, ದನಿ ಎಲ್ಲಿಂದಲೋ ಬಂದ ಹಾಗೆ. "ಎರಡು ಹಾಳೇನೂ ನೀನೇ ಸಾಕಿದ್ಯಾ?"

"ಒಂದೇ ಕಣೋ. ಇನ್ನೊಂದನ್ನ ಗೌರಿ ಬಾಗಿನದಲ್ಲಿಟ್ಟು ಕೊಂಡಮ್ಮಂಗೆ ಕೊಟ್ಟೆ. ಪಾಪ, ಮೊದಲ್ನೇ ಸಲ ಹುಳ ಮಾಡ್ತಾವ್ಳೆ. ತವರಿನ ಬಾಗಿನ ಹಂಚ್ಕೊಂಡ್ರೆ ಒಳ್ಳೇದಲ್ವಾ?"

ಕೊಂಡಮ್ಮ ಎರಡು ಮನೆಯಾಚೆಯವಳು. ನಿನ್ನೆ ಬೀದಿಯಲ್ಲಿ ಎದುರಾದಾಗ ಕೈಮುಗಿದು ಪಕ್ಕಕ್ಕೆ ಸರಿದವಳು. ಯಾಕೆ ಮುಗಿದಳೆಂದು ಆಗ ತಿಳಿದಿರಲಿಲ್ಲ. ಬಾಗಿನ ಕೈಯಿಂದ ಕೈಗೆ ಹೋಗುವ ವಸ್ತು; ಕೊಟ್ಟವರಿಗೆ ಪುಣ್ಯ, ಕೊಂಡವರಿಗೆ ಸೌಭಾಗ್ಯ. ಇನ್ನು ನಾಲ್ಕು ದಿನ ಬಿಟ್ಟರೆ ಸೊಪ್ಪಿನ ಬುಟ್ಟಿಯಲ್ಲಿ, ಕಾಲಿನ ಧೂಳಿನಲ್ಲಿ ಊರಿನ ಎಲ್ಲ ಹುಳದ ಮನೆಗೂ ಈ ರೋಗವೂ ನಡೆದು ಹೋಗುತ್ತದೆ.

"ಅತ್ತೆಮ್ಮಾ," ಎಂದ. ಹೊರಗಿನಿಂದ ಭಾವನೂ ಬಂದಿದ್ದ. "ಇದು ಅಕ್ಕನ ಕೈಯಿಂದ ಬಂದಿದ್ದಲ್ಲ. ಮೊಟ್ಟೇಲೇ ಇತ್ತು. ಈ ಹಾಳೆ ನಾನು ನೋಡ್ಲಿಲ್ಲ. ನೋಡದೇನೇ ಗೀಟು ಹಾಕ್ದೆ."

ಅಮ್ಮಾಜಮ್ಮನ ಕಣ್ಣಲ್ಲಿ ನೀರು ತುಂಬಿತು. ಎರಡೂ ಕೈಯಿಂದ ಅವನ ಕೆನ್ನೆ ನೀವಿ ಲಟಿಕೆ ಮುರಿದು, "ನಾ ತಂಡ್ರೀ, ನನ್ನಪ್ಪಾ! ಅಕ್ಕನ ತಪ್ಪನ್ನ ತನ್ನ ಮೇಲೆ ಹಾಕ್ಕೋತಾನಲ್ಲೇ! ಇಂಥ ತಮ್ಮ ಯಾರಿಗವ್ನೆ? ನೋಡೇ ರಾಮಲಕ್ಷ್ಮೀ, ಈ ಮುಖ ನೋಡಾದ್ರೂ ಇನ್ನು ಮೇಲೆ ಮಡಿ ಕಲ್ತುಕೋ" ಎಂದರು.

"ಇಲ್ಲ ಅತ್ತೆಮ್ಮ, ನಿಜವಾಗ್ಲೂ..."

"ಸುಮ್ನಿರು ಕೇಶವ," ಎಂದ ಬಯ್ಯಪ್ಪ, ಅವನ ಹೆಗಲ ಮೇಲೆ ಕೈಯಿಟ್ಟು. ಆ ಕೈಯಲ್ಲಿ ಇದುವರೆಗೆ ಇಲ್ಲದಿದ್ದ ಗೌರವವಿತ್ತು. "ಹನ್ನೊಂದು ವರ್ಷ ಕಣ್ಣು ಸವೆಸಿ ಕಂಡೋರ ಮನೆ ಹುಳ ಕಾಪಾಡ್ದೋನು, ಒಡಹುಟ್ಟಿದ ಅಕ್ಕನಿಗೆ ನೋಡ್ದೆ ಕೊಡ್ತೀಯಾ? ಯಾರ ಮುಂದೆ ಹೇಳ್ತೀಯಪ್ಪ ಇದನ್ನ? ನಂಬೋ ಮಾತಾ?"

ಸತ್ಯ ಹೇಳಿದರೆ ಭಾರ ಇಳಿಯುತ್ತದೆ ಎಂದು ಕೇಳಿದ್ದ, ಎಷ್ಟೋ ಹರಿಕಥೆಗಳಲ್ಲಿ. ಇಲ್ಲಿ ಸತ್ಯ ಅವನ ಬಾಯಿಂದ ಹೊರಟು ಅವನ ಕೊರಳಿಗೇ ಹಾರವಾಗಿ ಬಿದ್ದಿತ್ತು. ಅಕ್ಕ ಇನ್ನೂ ಅಪರಾಧಿಯ ಜಾಗದಲ್ಲೇ ನಿಂತಿದ್ದಳು; ತಮ್ಮನ ದೊಡ್ಡತನದ ಮುಂದೆ ಇನ್ನಷ್ಟು ಕುಗ್ಗಬೇಕಾದವಳ ಹಾಗೆ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಿಟ್ಟಂತೆ ಅವನು ನಿಂತಲ್ಲೇ ಕಾಲು ಬದಲಿಸಿದ. ತಾಯಿಮಗ ಇಬ್ಬರೂ ಹೊಂಡ ತೋಡುವ ಮಾತಾಡುತ್ತ ಹಿತ್ತಿಲಿಗೆ ಹೋದರು. ಸುಡಬೇಕೆಂಬುದು ಮಾತ್ರ ಅವರಿಗೂ ಗೊತ್ತಿತ್ತು.

ಅಕ್ಕ ಹೋಗಲಿಲ್ಲ. ಒಂದು ತಟ್ಟೆಯ ಅಂಚನ್ನು ಹಿಡಿದುಕೊಂಡು, ಅವನ ಕಡೆ ತಿರುಗದೆ ಕೇಳಿದಳು. "ನಿಜವಾ?"

"ನಿಜ."

"ದೇವರಾಣೆ?"

"ದೇವರಾಣೆಗೂ."

ಅವಳು ಹಾಗೇ ಗೋಡೆಗೊರಗಿ ಕುಸಿದು ಕೂತಳು. ಅಳುತ್ತಾಳೆ ಎಂದುಕೊಂಡ. "ಹಂಗಾದ್ರೆ ನಾನಲ್ಲ," ಎಂದಳು. ಮತ್ತೆ, ರುಚಿ ನೋಡುವವಳ ಹಾಗೆ ಮೆಲ್ಲಗೆ, "ನಾನಲ್ಲ. ನನ್ನ ಕೈಯಲ್ಲಿ ಏನೂ ಇರ್ಲಿಲ್ಲ." ಮುಖ ಅರಳಿತು. ಹುಳವೆಲ್ಲ ಬೆಂಕಿಗೆ ಹೋಗುವ ಬೆಳಿಗ್ಗೆ ಆ ಮುಖ ಹಾಗೆ ಅರಳಿದ್ದನ್ನು ಕಂಡು ಅವನು ಒಂದು ಹೆಜ್ಜೆ ಹಿಂದೆ ಸರಿದ. ಬೈಗುಳಕ್ಕೆ ಸಿದ್ಧವಾಗಿದ್ದ, ಇದಕ್ಕೆ ಸಿದ್ಧವಾಗಿರಲಿಲ್ಲ. ಐದು ದಿನ ಒದ್ದೆ ಬಟ್ಟೆಯಲ್ಲಿ ಇವಳು ಕಲ್ಲಿನ ಸುತ್ತ ಏನನ್ನು ಹೊತ್ತು ತಿರುಗಿದ್ದಳು! ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಅಕ್ಕ ಕ್ಷಮಿಸಿಬಿಡುತ್ತಿದ್ದಳು, ಕಣ್ಣು ನೋವಿತ್ತಲ್ಲ ಎಂದು ಅವಳೇ ಕಾರಣ ಹುಡುಕಿ ಕೊಡುತ್ತಿದ್ದಳು. ಆದರೆ ಅವಳು ತಲೆಯೆತ್ತಿ, ಏನೋ ಸಣ್ಣ ವಿಷಯ ಕೇಳುವಂತೆ ಕೇಳಿದಳು.

"ಗೀಟು ಹಾಕೋವಾಗ ಇದು ನಂಗೆ ಅಂತ ಗೊತ್ತಿತ್ತಾ?"

"ಆಗ ಗೊತ್ತಿರ್ಲಿಲ್ಲ," ಎಂದ. "ಆಮೇಲೆ... ಮಾರಕ್ಕೆ ಮನಸ್ಸು ಬರ್ಲಿಲ್ಲಕ್ಕ. ರೋಗ ಇದ್ದು ಯಾರ್ದಾದ್ರೂ ಮನೆ ಹಾಳಾದ್ರೆ ಅಂತ. ಅದಕ್ಕೇ ನಿಂಗೆ ಎತ್ತಿಟ್ಟೆ."

ಆಡಿದ ಮೇಲೆ ಆ ಮಾತು ಅವನ ಕಿವಿಗೂ ಬಿತ್ತು. ಅಕ್ಕ ಅವನನ್ನೇ ನೋಡುತ್ತಿದ್ದಳು. ಅವನ ಇಡೀ ಆಯುಷ್ಯದಲ್ಲಿ ಯಾರೂ ಅವನನ್ನು ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಅವಳ ಎರಡು ಕಣ್ಣೂ ತೆರೆದಿದ್ದವು.

"ಯಾರ್ದಾದ್ರೂ ಮನೆ," ಎಂದಳು. ಅಷ್ಟೇ. ಎದ್ದು, ಸೀರೆ ಕೊಡವಿ, ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಳು. ಅವನು ಕೈ ಚಾಚಿದರೆ ಕೊಡಲಿಲ್ಲ. ಹಿತ್ತಿಲಿಗೆ ಒಯ್ದು ಗಂಡ ತೋಡಿದ ಹೊಂಡದ ಅಂಚಿನಲ್ಲಿಟ್ಟು ಬಂದು, ಕೈ ತೊಳೆದು, ಹಣೆಯ ಬೆವರು ಒರೆಸಿಕೊಂಡು, "ನಡಿ" ಎಂದಳು. "ಕೊಂಡಮ್ಮನ ಮನೇಗೆ. ಅತ್ತೇನೂ ಬರ್ಲಿ. ನಂಗೆ ಹೇಳಿದ್ನೆಲ್ಲ ಅಲ್ಲಿ ಹೇಳು. ಕೊನೇದನ್ನೂ."

"ಕೊನೇದು ಯಾಕಕ್ಕ..."

"ಅದನ್ನ ಹೇಳ್ದಿದ್ರೆ ಇನ್ನೊಂದ್ಸಲ ನಿನ್ನ ಕೆನ್ನೆ ನೀವ್ತಾರೆ."

ಬೀದಿಯಲ್ಲಿ ಅವಳು ಮುಂದೆ ನಡೆದಳು, ಅವನು ಹಿಂದೆ, ಅಮ್ಮಾಜಮ್ಮ ಏನೂ ಅರಿಯದೆ ಗೊಣಗುತ್ತ ಅವನ ಹಿಂದೆ. ಮೂವತ್ತು ಹೆಜ್ಜೆಯ ಹಾದಿ. ಯಾರ ಮನೆಯಲ್ಲೋ ರಾಗಿ ಬೀಸುತ್ತಿದ್ದರು. ಅವನಿಗೆ ಆ ಹೊತ್ತಿನಲ್ಲಿ ಕೋಠಿಯ ಮುಂದಿನ ಬೆಂಚಿನಲ್ಲಿ ಹಾಳೆಗಾಗಿ ಕಾದು ಕೂರುತ್ತಿದ್ದ ರೈತರು ಕಾಣಿಸಿದರು. ಅವರ ಮುಖಗಳನ್ನು ಅವನು ಒಂದು ದಿನವೂ ನೋಡಿರಲಿಲ್ಲ. ನಾಳೆ ನರಸಿಂಹಪ್ಪನವರಿಗೂ ಹೇಳಬೇಕು. ಹೇಳಿದ ಮೇಲೆ ರಜಾ ಎಂಬುದಕ್ಕೆ ಕೊನೆಯೇ ಇರಲಿಕ್ಕಿಲ್ಲ. ಇರಲಿ.

ಕೊಂಡಮ್ಮ ಬಾಗಿಲಲ್ಲೇ ಕಂಡು ದಡಬಡಿಸಿ ಮಣೆ ತಂದಳು. "ಬನ್ನಿ ಸ್ವಾಮಿ, ಕೂತ್ಕೊಳ್ಳಿ. ನಿಮ್ಮ ಕೈಗುಣದಿಂದ ನಮ್ಮನೇಗೂ ಲಕ್ಷ್ಮಿ ಬಂದವ್ಳೆ. ಏನೋ ಸ್ವಲ್ಪ ಹಿಂದೆಮುಂದೆ ಅವೆ ಹುಳ, ನಂಗೆ ಸಾಕಕ್ಕೆ ಬರಲ್ಲ ನೋಡಿ, ಮೊದಲ್ನೇ ಸಲ."

ಇವಳೂ ತನ್ನ ಕೈಯನ್ನೇ ದೂರುತ್ತಿದ್ದಳು! ಚನ್ನಕೇಶವ ಕೂರಲಿಲ್ಲ. ನಿಂತೇ ಹೇಳಿದ. ಹುಳ ಇಂದೇ ಸುಡಬೇಕೆಂದು ಹೇಳಿದ, ಅವಳ ತಪ್ಪಲ್ಲವೆಂದು ಹೇಳಿದ, ಅಕ್ಕನದೂ ಅಲ್ಲವೆಂದು ಹೇಳಿದ. ಗೀಟು ಹಾಕಿದ್ದು ಹೇಳಿದ. ಅಲ್ಲಿಗೆ ನಿಂತ. ಅಕ್ಕ ಕಂಬಕ್ಕೊರಗಿ ಕಾಯುತ್ತಿದ್ದಳು, ನೆರವಿಗೆ ಬರಲಿಲ್ಲ. ಮಾರುವುದಕ್ಕೆ ಕೈ ಬಾರದೆ ಅಕ್ಕನಿಗೆ ಕೊಟ್ಟದ್ದನ್ನೂ ಹೇಳಿದ. ಹಿಂದೆ ಅಮ್ಮಾಜಮ್ಮನ ಗೊಣಗಾಟ ಥಟ್ಟನೆ ನಿಂತಿತು.

ಕೊಂಡಮ್ಮ ಮಣೆಯನ್ನು ಎದೆಗವಚಿಕೊಂಡು ನಿಂತುಬಿಟ್ಟಳು. ಅವನ ಕಡೆ ನೋಡಲಾರದೆ ಅಕ್ಕನ ಕಡೆ ತಿರುಗಿ, ಸುದ್ದಿ ಹೇಳಿದವರು ಯಾರೋ ಬೇರೆಯವರು ಎಂಬಂತೆ ಕೇಳಿದಳು.

"ಅಮ್ಮಾ, ಇವ್ರು ನಿಮ್ಮ ತಮ್ಮನೇನಾ?"

"ಹೂಂ ಕಣೇ," ಎಂದಳು ರಾಮಲಕ್ಷ್ಮಮ್ಮ. "ನನ್ನ ತಮ್ಮನೇ."